ಅವಾಚ್ಯ ಶಬ್ದಗಳಿಂದ ನಿಂದಿಸಿ

ಭದ್ರಾವತಿಯ ತಾಲ್ಲೂಕು ಕಚೇರಿಯ ಕಾಂಪೌಂಡ್ ಗೋಡೆಗೆ ಒರಗಿಸಿ ಕಟ್ಟಿದ ಒಂದು ತಗಡಿನ ಮಾಡು. ಅದರ ಕೆಳಗೆ ಒಂದು ಮೇಜು, ಎರಡು ಸ್ಟೂಲು. ಮೇಜಿನ ಮೇಲೆ ಮೂರು ಬಿಳಿ ಹಾಳೆ, ಅವುಗಳ ನಡುವೆ ಎರಡು ಕಾರ್ಬನ್. ಏಕಾಂತಪ್ಪ ಅಲ್ಲಿ ಕೂತು ಮೂವತ್ತನಾಲ್ಕು ವರ್ಷದಿಂದ ಊರವರ ಅರ್ಜಿ ಬರೆಯುತ್ತಿದ್ದಾನೆ. ಸುತ್ತ ಕಂಪ್ಯೂಟರಿನ ಅಂಗಡಿಗಳು ಎದ್ದಿವೆ. ಪಹಣಿಗೆ, ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ ಜನ ಅಲ್ಲಿಗೇ ಹೋಗುತ್ತಾರೆ. ಪೊಲೀಸ್ ಠಾಣೆಗೆ ಕೊಡುವ ದೂರನ್ನು ಮಾತ್ರ ಇವನ ಹತ್ತಿರ ಬರೆಸುತ್ತಾರೆ. ಕಂಪ್ಯೂಟರಿನವರು ಹೇಳಿದ್ದನ್ನು ಬೇಗ ಹೊಡೆದು ಕೊಡುತ್ತಾರೆ. ದೂರು ತಂದವರಿಗೆ ಹೇಳಲು ಹೊತ್ತು ಬೇಕು, ನಡುವೆ ಅಳಲು ಹೊತ್ತು ಬೇಕು. ಅದು ಏಕಾಂತಪ್ಪನ ಹತ್ತಿರ ಸಿಗುತ್ತಿತ್ತು.

ಅವನ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವನು. ಮಗನೂ ಅಲ್ಲಿಗೇ ಸೇರುತ್ತಾನೆಂದು ಮನೆಯವರು ನಂಬಿದ್ದರು. ಏಳೆಂಟು ವರ್ಷ ಕಾದರೂ ಕರೆ ಬರಲಿಲ್ಲ. ಕೊನೆಗೆ ಓಲ್ಡ್ ಟೌನಿನ ಷಡಕ್ಷರಪ್ಪನವರು, 'ನಿನ್ನ ಅಕ್ಷರ ದುಂಡಗಿದೆ, ಬಾ ಕೂತ್ಕೋ' ಎಂದು ಇದೇ ಮಾಡಿನ ಕೆಳಗೆ ಕೂರಿಸಿಕೊಂಡರು. ಷಡಕ್ಷರಪ್ಪನವರು ಕಲಿಸಿದ್ದು ಎರಡೇ ನಿಯಮ. ಬರೆದದ್ದನ್ನು ಬರೆಸಿದವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವರು 'ಹೌದು, ಇದು ನನ್ನದೇ ಮಾತು' ಅಂದ ಮೇಲೆಯೇ ಸಹಿ. ಇದು ಮೊದಲನೆಯದು. ಹೊಲಸನ್ನು ಕಾಗದಕ್ಕೆ ಇಳಿಸಬಾರದು, ಇದು ಎರಡನೆಯದು.

"ಬೈದವನು ಒಂದು ಸಲ ಬೈದ ಕಣಯ್ಯ. ನೀನು ಅದನ್ನ ಬರೆದರೆ ಓದಿದವರೆಲ್ಲ ಮತ್ತೆ ಮತ್ತೆ ಬೈದ ಹಾಗೆ. ಆ ಹೆಣ್ಣುಮಗಳು ಎಷ್ಟು ಸಲ ಬೈಸ್ಕೋಬೇಕು?" ಎನ್ನುತ್ತಿದ್ದರು ಗುರುಗಳು.

ಅದಕ್ಕೇ ಊರಿನ ಎಲ್ಲ ಬೈಗುಳಗಳೂ ಏಕಾಂತಪ್ಪನ ಮೇಜಿಗೆ ಬಂದು ಒಂದೇ ಸಾಲಾಗುತ್ತಿದ್ದವು: 'ಅವಾಚ್ಯ ಶಬ್ದಗಳಿಂದ ನಿಂದಿಸಿ'. ಬೇಲಿಯ ಜಗಳ, ಕುಡಿದು ಬಂದ ಗಂಡ, ನಲ್ಲಿಯ ಹತ್ತಿರದ ಕಿತ್ತಾಟ, ಎಲ್ಲಕ್ಕೂ ಆ ಸಾಲು ಒದಗಿತು. ಕೊನೆಯಲ್ಲಿ ಕಾಗದದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಬಿಕ್ಕಲಂ: ಏಕಾಂತಪ್ಪ' ಎಂದು ಬರೆಯುತ್ತಿದ್ದ. ಬರೆದ ಕೈ ನನ್ನದು, ಒಳಗಿನ ಮಾತಿಗೂ ನನಗೂ ಸಂಬಂಧವಿಲ್ಲ ಎಂದು ಅದರ ಅರ್ಥ.

ಈಗ ಅರವತ್ತೊಂದು ವಯಸ್ಸು. ಮೂರನೇ ಪ್ರತಿಗೆ ಅಕ್ಷರ ಇಳಿಯುವಂತೆ ಪೆನ್ನು ಒತ್ತಿ ಒತ್ತಿ ಹೆಬ್ಬೆರಳಿನ ಬುಡ ಊದಿಕೊಂಡಿದೆ. ಅದಕ್ಕಿಂತ ಹೆಚ್ಚಿನ ಸುಸ್ತು ಎಲ್ಲೋ ಒಳಗೆ. ಹಿಂದೆ ಜನ ನೀರಿಗಾಗಿ, ಗಡಿಕಲ್ಲಿಗಾಗಿ ಜಗಳವಾಡುತ್ತಿದ್ದರು. ಗಡಿಕಲ್ಲನ್ನು ಸರಿಸಿ ನೆಟ್ಟರೆ ಜಗಳ ಮುಗಿಯುತ್ತಿತ್ತು. ಈಚಿನ ಜಗಳಗಳಲ್ಲಿ ಸರಿಸಲು ಕಲ್ಲೇ ಇರುವುದಿಲ್ಲ.

ಕಳೆದ ನವೆಂಬರಿನಲ್ಲಿ ಓಲ್ಡ್ ಟೌನಿನ ಗೆಳೆಯರ ಬಳಗದವರು ರಾಜ್ಯೋತ್ಸವ ಮಾಡಿದರು. ಬಳಗದ ಅಧ್ಯಕ್ಷ ಗಣೇಶ್. ಅಡಿಕೆ ವ್ಯಾಪಾರ, ಎರಡು ಬಡಾವಣೆ, ಯಾರ ಮನೆಯ ಸಾವಿಗೂ ಮೊದಲು ಬಂದು ನಿಲ್ಲುವ ಗುಣ. ಅವನ ಮೊದಲ ಸೈಟಿನ ಕಾಗದ ಬರೆದವನು ಏಕಾಂತಪ್ಪ. ಆ ನೆನಪಿಗೋ ಏನೋ, ಈ ಸಲ ಸನ್ಮಾನಕ್ಕೆ ಇವನ ಹೆಸರು ಹಾಕಿದ್ದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪೇಟ ತೊಡಿಸಿ ವೇದಿಕೆಯ ಮೇಲೆ ಕೂರಿಸಿದರು. ಜೀವಮಾನದಲ್ಲಿ ಅವನು ವೇದಿಕೆ ಹತ್ತಿದ್ದು ಅದೇ ಮೊದಲು.

ವೇದಿಕೆಯ ಬಲಕ್ಕೆ ಹತ್ತು ಹೆಜ್ಜೆಯಲ್ಲಿ ಖೈರುನ್ನಿಸಾಳ ಅಂಗಡಿ. ಸೀರೆಗೆ ಫಾಲ್ ಹಚ್ಚುವುದು, ಅಂಚಿಗೆ ಪಿಕೋ ಹೊಡೆಯುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಊರಿನ ಮದುವೆ ಸೀರೆಗಳೆಲ್ಲ ಅವಳ ಮಿಷನ್ನಿನ ಕೆಳಗೆ ಹಾದುಹೋಗಿವೆ. ಅಂದು ಮಧ್ಯಾಹ್ನ ಬಳಗದವರು ಜನರೇಟರನ್ನು ಅವಳ ಬಾಗಿಲಿಗೇ ತಂದಿಟ್ಟಿದ್ದರು. ಹೊಗೆ ಒಳಗೆ ನುಗ್ಗಿ ಸೀರೆಗಳಿಗೆ ಮಸಿ ಕೂರುತ್ತದೆ, ಎರಡು ಮಾರು ಆಚೆ ಇಡಿ ಎಂದು ಅವಳು ಕೇಳಿದಳು. ಅವರು ಇಟ್ಟರು ಕೂಡ. ಅಷ್ಟೇ ನಡೆದದ್ದು.

ಸಂಜೆ ಗಣೇಶ್ ಮಾತಿಗೆ ನಿಂತ. ಮೊದಲು ನಾಡು ನುಡಿ ಆಯಿತು. ಆಮೇಲೆ ಮಾತು ಜನರೇಟರಿಗೆ ಬಂತು. "ನಮ್ಮ ಹಬ್ಬದ ಹೊಗೆ ಕೆಲವರಿಗೆ ಆಗಲ್ವಂತೆ" ಅಂದ. ಜನ ನಕ್ಕರು. ನಗು ಸಿಕ್ಕ ಮೇಲೆ ಮಾತು ಬೇರೆ ದಾರಿ ಹಿಡಿಯಿತು. "ನಮ್ಮ ಹೆಣ್ಮಕ್ಕಳ ಸೀರೆ ಯಾರ ಕೈಯಲ್ಲಿದೆ ನೋಡ್ಕೊಳ್ಳಿ. ಅವಳ ಸೂಜಿ ತಾಗಿದ ಸೀರೆ ಉಡೋ ಬದಲು ಬರಿಮೈಯಲ್ಲಿ ಬೀದಿಗೆ ಬನ್ನಿ, ಅದೇ ಮರ್ಯಾದೆ." ಅಲ್ಲಿಂದ ಮುಂದೆ ಅವಳ ಮೈಗೆ, ಅವಳ ತಾಯಿಗೆ, ಅವಳ ಜನಕ್ಕೆ ಒಂದೊಂದು ಮಾತು. ಕೊನೆಯಲ್ಲಿ ಇನ್ನೊಂದು ವಾಕ್ಯ. ಅದಕ್ಕೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು. ಹತ್ತು ಹೆಜ್ಜೆ ಆಚೆ ಖೈರುನ್ನಿಸಾ ಅರ್ಧ ಎಳೆದ ಶಟರ್ ಹಿಡಿದು ನಿಂತಿದ್ದಳು. ವೇದಿಕೆಯ ಮೇಲೆ ಎಲ್ಲರೂ ತಟ್ಟುತ್ತಿದ್ದರು. ಪೇಟ ತೊಟ್ಟ ಏಕಾಂತಪ್ಪನ ಕೈಗಳೂ ಮಡಿಲಿನಿಂದ ಎದ್ದು ಮೂರು ಸಲ ಕೂಡಿದವು.

ಮರುದಿನದಿಂದ ಹೆಂಗಸರು ಬಂದು ಸೀರೆ ವಾಪಸ್ ಕೇಳತೊಡಗಿದರು. ಯಾರೂ ಒರಟಾಗಿ ಮಾತಾಡಲಿಲ್ಲ. 'ಮದ್ವೆ ಮುಂದಕ್ಕೆ ಹೋಯ್ತು', 'ಫಾಲ್ ಆಮೇಲೆ ಹಾಕಿಸ್ತೀನಿ' ಎನ್ನುತ್ತಿದ್ದರು. ಏಕಾಂತಪ್ಪನ ಹೆಂಡತಿ ಬಸವರಾಜೇಶ್ವರಿಯೂ ಒಂದು ರೇಷ್ಮೆ ಸೀರೆ ತಂದುಕೊಂಡಳು. "ಎಲ್ರೂ ತಂದ್ಕೊಂಡ್ರು. ನಾನೊಬ್ಳು ಬಿಟ್ರೆ ಬೀದೀಲಿ ಮಾತಾಗುತ್ತೆ" ಅಂದಳು. ಸೀರೆಗೆ ಫಾಲ್ ಅರ್ಧದವರೆಗೆ ಮಾತ್ರ ಹಚ್ಚಿ ಆಗಿತ್ತು.

ನಾಲ್ಕನೇ ದಿನ ಖೈರುನ್ನಿಸಾ ಏಕಾಂತಪ್ಪನ ಮೇಜಿನ ಮುಂದೆ ಬಂದು ಕೂತಳು. ಅವನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗುರುಗಳು ಕಲಿಸಿದ ಸಾಲನ್ನೇ ಅವನು ಬರೆದ: 'ಸಾರ್ವಜನಿಕ ವೇದಿಕೆಯಲ್ಲಿ ನನ್ನನ್ನೂ ನನ್ನ ಜನರನ್ನೂ ಅವಾಚ್ಯ ಶಬ್ದಗಳಿಂದ ನಿಂದಿಸಿ, ದ್ವೇಷ ಹುಟ್ಟುವಂತೆ ಮಾತನಾಡಿರುತ್ತಾರೆ.' ಓದಿ ಹೇಳಿದ. ಅವಳು ಕಾಗದವನ್ನೊಮ್ಮೆ, ಅವನನ್ನೊಮ್ಮೆ ನೋಡಿ ಸಹಿ ಹಾಕಿದಳು.

ಆ ಕಾಗದ ಫೆಬ್ರವರಿಯಲ್ಲಿ ತಿರುಗಿ ಬಂತು.

"ಅಣ್ಣಾ, ಇದು ಏನು ಬರ್ದಿದಾರೆ ನೋಡಿ." ಖೈರುನ್ನಿಸಾ ಸೆರಗಿನ ಕೆಳಗಿನಿಂದ ಠಾಣೆಯವರು ಉತ್ತರವಾಗಿ ಕೊಟ್ಟ ಹಿಂಬರಹ ತೆಗೆದು ಮೇಜಿನ ಮೇಲಿಟ್ಟಳು. ಅವಳು ಐದನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಕನ್ನಡದಲ್ಲಿ ಸಹಿ ಬರುತ್ತದೆ, ಓದಲು ಬರುವುದಿಲ್ಲ.

ಏಕಾಂತಪ್ಪ ಕನ್ನಡಕ ಏರಿಸಿ ಓದಿದ. "'ಅರ್ಜಿಯಲ್ಲಿ ಎದುರುದಾರರು ಆಡಿದ ನಿರ್ದಿಷ್ಟ ಮಾತುಗಳನ್ನು ನಮೂದಿಸಿರುವುದಿಲ್ಲ. ಸದರಿ ಮಾತುಗಳು ದ್ವೇಷ ಭಾಷಣವೋ, ಕೇವಲ ಅಭಿಪ್ರಾಯವೋ ಎಂದು ತೀರ್ಮಾನಿಸಲು ಆಧಾರವಿಲ್ಲದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.'"

"ಅಂದ್ರೆ?"

"ಅವನು ಏನು ಅಂದ ಅಂತ ನಾವು ಬರೆದಿಲ್ಲ. ಅದಕ್ಕೆ ಮುಗಿಸಿಬಿಟ್ಟಿದಾರೆ."

"ಠಾಣೇಲಿ ಕೇಳಿದ್ರು ಅಣ್ಣಾ, ಏನಂದ ಹೇಳಮ್ಮ ಅಂತ. ಹತ್ತು ಜನ ಗಂಡಸ್ರು ನಿಂತಿದ್ರು. ನನ್ಗೆ ಬಾಯೇ ಬರ್ಲಿಲ್ಲ. ಕಾಗ್ದದಲ್ಲಿ ಎಲ್ಲಾ ಇದೆ ಸಾಹೇಬ್ರೆ ಅಂದೆ." ಅವಳು ಮೇಜಿನ ಮೇಲಿನ ಬಿಳಿ ಹಾಳೆಗಳನ್ನು ನೋಡಿದಳು. "ನೀವು ಓದಿದ ದೊಡ್ಡ ದೊಡ್ಡ ಮಾತಲ್ಲಿ ಎಲ್ಲಾ ಸೇರಿದೆ ಅಂದ್ಕೊಂಡಿದ್ದೆ. ಕಾಗ್ದದಲ್ಲಿ ಇರ್ಲಿಲ್ವಾ?"

ಏಕಾಂತಪ್ಪ ಹಿಂಬರಹವನ್ನು ಮಡಿಸಿಟ್ಟ. ಆ ಭಾಷಣವನ್ನು ಮೊಬೈಲಿನಲ್ಲಿ ಹಿಡಿದವರು ಬಹಳ ಮಂದಿ ಇದ್ದರು. ಅವಳು ದೂರು ಕೊಡುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗಲೇ ಆ ವಿಡಿಯೋವನ್ನು ಗ್ರೂಪುಗಳಿಂದ ಅಳಿಸತೊಡಗಿದ್ದರು, ದೂರು ಕೊಟ್ಟ ಸಂಜೆಗೆ ಅದು ಎಲ್ಲೂ ಇರಲಿಲ್ಲ. ಉಳಿದದ್ದು ಸನ್ಮಾನದ ತುಣುಕು ಮಾತ್ರ. ಅದರಲ್ಲಿ ಮಾತಿರಲಿಲ್ಲ.

"ಶಿವಮೊಗ್ಗಕ್ಕೆ, ಮೇಲಿನವರಿಗೆ ಬರೀಬಹುದು ತಂಗಿ. ಮಾತು ಮಾತಿಗೆ ಬರೀಬೇಕಾಗುತ್ತೆ. ನೀನು ಹೇಳಬೇಕು."

"ಹೇಳ್ತೀನಿ. ಅಂಗಡಿ ಮಾಲೀಕ್ರು ಮಾರ್ಚಿಗೆ ಖಾಲಿ ಮಾಡು ಅಂದಿದಾರೆ. ಕೇಸ್ ಆದ್ರೆ ಕೋರ್ಟು ನೋಡ್ಕೊಳ್ಳುತ್ತೆ, ಇಲ್ಲಾಂದ್ರೆ ನಿಂದೇ ತಪ್ಪು ಅಂತ ಆಗುತ್ತಲ್ಲಮ್ಮ, ಅಂತಾರೆ. ನಾನು ಎಲ್ಲಿ ಹೋಗ್ಲಿ ಅಣ್ಣಾ?"

"ನಾಳೆ ಬೆಳಿಗ್ಗೆ ಬಾ" ಎಂದ. ಅವಳು ಹೋದಳು.

ಎದುರಿಗೆ ಕಲ್ಲಪ್ಪನ ಟೀ ಗಾಡಿ. ಅಲ್ಲಿಯ ಬೆಂಚಿನ ಮೇಲೆ ನಿವೃತ್ತ ಗುಮಾಸ್ತ ಚೌಡಯ್ಯ ಪೇಪರ್ ಹಿಡಿದು ಕೂತಿದ್ದ. ದ್ವೇಷ ಭಾಷಣಕ್ಕೆ ಹೊಸ ಕಾನೂನು ಎಂಬ ಸುದ್ದಿ ಬಂದಾಗಿನಿಂದ ಆ ಬೆಂಚಿಗೆ ಬೇರೆ ವಿಷಯವೇ ಇರಲಿಲ್ಲ.

"ಮಾತಾಡಿದ್ದಕ್ಕೆಲ್ಲ ಜೈಲು ಅಂದ್ರೆ ಹೆಂಗಪ್ಪ?" ಚೌಡಯ್ಯ ಏಕಾಂತಪ್ಪನಿಗೂ ಕೇಳಲೆಂದೇ ದನಿ ಏರಿಸಿದ. "ಕೈ ಎತ್ತಿದ್ರೆ ಕೇಸ್ ಹಾಕು, ಸರಿ. ಬಾಯಿ ಎತ್ತಿದ್ದಕ್ಕೂ ಕೇಸಾ? ಇಷ್ಟ ಇಲ್ದೋರು ಕಿವಿ ಮುಚ್ಕೊಳ್ಳಲಿ."

ಕಲ್ಲಪ್ಪ ಟೀ ಸೋಸುತ್ತ ತಲೆಯೆತ್ತದೆ ಕೇಳಿದ. "ಚೌಡಯ್ನೋರೆ, ಹೋದ ವರ್ಷ ನಿಮ್ಮ ತಮ್ಮ ಗೃಹಪ್ರವೇಶದಲ್ಲಿ ಏನೋ ಅಂದ ಅಂತ ಇದೇ ಮೇಜಿನ ಮೇಲೆ ದೂರು ಬರೆಸಿದ್ರಲ್ಲ?"

"ಅದು ಬೇರೆ ಮಾರಾಯ."

"ಹೆಂಗೆ ಬೇರೆ?"

"ಅದು ನನಗೆ ಅಂದಿದ್ದು!"

ಬೆಂಚಿನವರೆಲ್ಲ ನಕ್ಕರು. ಚೌಡಯ್ಯನೂ ನಕ್ಕ. ಏಕಾಂತಪ್ಪ ಪೆನ್ನಿನ ಮುಚ್ಚಳ ಹಾಕಿ ಮೇಜು ಒರೆಸತೊಡಗಿದ. ಆಗ ಕಾರು ನಿಲ್ಲಿಸಿ ಗಣೇಶ್ ಇಳಿದು ಬಂದ. ಸ್ಟೂಲು ಎಳೆದುಕೊಂಡು ಮನೆಯವನಂತೆ ಕೂತ.

"ಏಕಾಂತಣ್ಣ, ಊಟ ಆಯ್ತಾ? ಹೆಬ್ಬೆರಳು ಇನ್ನೂ ಹಂಗೇ ಊದ್ಕೊಂಡಿದ್ಯಲ್ಲ. ನನ್ನ ಪರಿಚಯದ ಡಾಕ್ಟ್ರಿದ್ದಾರೆ, ಒಂದಿನ ಕರ್ಕೊಂಡು ಹೋಗ್ತೀನಿ." ಕಾಳಜಿ ಸುಳ್ಳಾಗಿರಲಿಲ್ಲ. ಅದೇ ಏಕಾಂತಪ್ಪನನ್ನು ಇನ್ನಷ್ಟು ಕುಗ್ಗಿಸಿತು. "ಹಿಂಬರಹ ಬಂತಂತೆ. ನಮ್ಮ ವಕೀಲ್ರು ನಿಮ್ಮ ಅರ್ಜಿ ನೋಡಿ ಏನಂದ್ರು ಗೊತ್ತಾ? ಬರೆದೋರು ದೊಡ್ಡ ಸಂಸ್ಕಾರವಂತರು, ನಮ್ಮ ಕೆಲಸ ಅರ್ಧ ಅವ್ರೇ ಮಾಡಿಕೊಟ್ಟಿದಾರೆ ಅಂದ್ರು."

"ನಾನು ಹಾಗಂತ ಬರೀಲಿಲ್ಲ ಗಣೇಶಪ್ಪ."

"ಗೊತ್ತಣ್ಣ, ಗೊತ್ತು. ನೋಡಿ, ನಾನು ಯಾರ ಮೇಲೂ ಕೈ ಮಾಡಿಲ್ಲ. ಮೈಕ್ ಸಿಕ್ಕಾಗ ಜನ ಚಪ್ಪಾಳೆ ಹೊಡೀತಾರೆ, ನಾಲಿಗೆ ಎರಡು ಮಾತು ಹೆಚ್ಚಿಗೆ ಹೋಗುತ್ತೆ. ಆ ಯಮ್ಮ ಇನ್ನೊಂದು ಸಲ ಬಂದ್ರೆ ಹಿಂದಿನ ಥರಾನೇ ಬರ್ದು ಕಳ್ಸಿ. ಅಷ್ಟೇ ನಾನು ಕೇಳೋದು."

ಅವನು ಎದ್ದು ಹೋಗುವಾಗ ಬೆಂಚಿನವರೆಲ್ಲರ ಟೀಗೂ ತಾನೇ ಕೊಡುತ್ತೇನೆಂದು ಕಲ್ಲಪ್ಪನಿಗೆ ಸನ್ನೆ ಮಾಡಿದ.

ಸಂಜೆ ರೊಟ್ಟಿ ತಟ್ಟುತ್ತಿದ್ದ ಬಸವರಾಜೇಶ್ವರಿಗೆ ಏಕಾಂತಪ್ಪ ಎಲ್ಲ ಹೇಳಿದ. ಅವಳು ಹಂಚಿನಿಂದ ಕಣ್ಣೆತ್ತಲಿಲ್ಲ. "ನಿಮಗೆ ಆಗಲ್ಲ ಅಂತ ಹೇಳಿ. ಕಂಪ್ಯೂಟರ್ ಅಂಗಡೀಲಿ ಬರೆಸ್ಕೊಳ್ಲಿ. ನಮಗೆ ಈ ವಯಸ್ಸಲ್ಲಿ ಯಾರ ನಿಷ್ಠುರ ಬೇಕು?" ಅವಳ ಮಾತಿನಲ್ಲೂ ಸಿಟ್ಟಿರಲಿಲ್ಲ, ದಣಿವಿತ್ತು.

ಅಷ್ಟರಲ್ಲಿ ಶಿವಮೊಗ್ಗದಿಂದ ಮಗಳ ಫೋನು ಬಂತು. ಪ್ರಿಯದರ್ಶಿನಿ ಅಲ್ಲಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುತ್ತಾಳೆ. ಅವಳ ವಿದ್ಯಾರ್ಥಿಗಳು ಒಂದು ಪ್ರಶ್ನೆ ಹಿಡಿದು ಊರು ಸುತ್ತುತ್ತಿದ್ದರು: ಮಾತಾಡುವ ಸ್ವಾತಂತ್ರ್ಯದೊಳಗೆ ದ್ವೇಷದ ಮಾತೂ ಸೇರಬೇಕೆ? ಹೌದು, ಇಲ್ಲ, ಹೇಳಲಾರೆ ಎಂದು ಮೂರು ಚೌಕ.

"ಇನ್ನೂರು ಜನರನ್ನ ಕೇಳಿದ್ವಿ ಅಪ್ಪಾಜಿ. ಯಾರು ಏನು ಬೇಕಾದ್ರೂ ಮಾತಾಡಬಹುದಾ ಅಂದ್ರೆ ಹೌದು ಅಂತಾರೆ. ದ್ವೇಷ ಹುಟ್ಟಿಸಿದ್ರೆ ಶಿಕ್ಷೆ ಆಗಬೇಕಾ ಅಂದ್ರೆ ಅದಕ್ಕೂ ಹೌದು. ಎರಡೂ ಹೆಂಗೆ ಅಂತ ಕೇಳಿದ್ರೆ ಹುಡುಗರನ್ನೇ ಬೈತಾರೆ." ಅವಳು ನಗುತ್ತಿದ್ದಳು. "ರಾಗಿಗುಡ್ಡದಲ್ಲಿ ಹುಚ್ಚಮ್ಮ ಅಂತ ಒಬ್ಬಜ್ಜಿ ಯಾವ ಚೌಕಕ್ಕೂ ಗುರುತು ಹಾಕಿಸಲೇ ಇಲ್ಲ. 'ಏನು ಅಂದ ಅಂತ ಮೊದ್ಲು ಹೇಳು, ಆಮೇಲೆ ನಾನು ಹೇಳ್ತೀನಿ' ಅಂತ ಕೂತ್ಬಿಟ್ಟಿದೆ. ಹಾಗೆಲ್ಲ ಇಲ್ಲಜ್ಜಿ, ಸುಮ್ನೆ ಒಟ್ಟಾರೆ ಹೇಳಿ ಅಂದ್ರೆ, 'ಒಟ್ಟಾರೆ ನನ್ನ ಯಾರೂ ಬೈದಿಲ್ಲ ಮಗ, ಬೈದೋರೆಲ್ಲ ಒಂದೊಂದು ಮಾತಲ್ಲೇ ಬೈದಿದಾರೆ' ಅಂತಂತೆ. ಆ ಫಾರಂ ಏನ್ ಮಾಡೋದು ಅಂತ ಹುಡುಗರು ಕೇಳ್ತಿದಾರೆ."

ಏಕಾಂತಪ್ಪ ನಗಲಿಲ್ಲ. ಫೋನಿಟ್ಟ ಮೇಲೆ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಗುರುಗಳ ನಿಯಮ ಸುಳ್ಳಲ್ಲ, ಅದು ಕರುಣೆಯ ನಿಯಮ. ಆದರೆ ನವೆಂಬರಿನ ಆ ದಿನ ಅದನ್ನು ತಾನು ಯಾರ ಮೇಲಿನ ಕರುಣೆಗಾಗಿ ಪಾಲಿಸಿದ್ದು? ಅವಳು ಬಂದು ಕೂತ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ ಆ ಸಾಲು ಬರೆದಾಗಿತ್ತು. ಅವಳು ಹೇಳಿಬಿಟ್ಟರೆ, ನಾನೂ ಅಲ್ಲಿದ್ದೆ ಎನ್ನಬೇಕಾಗುತ್ತಿತ್ತು. ಅದಕ್ಕೇ ಹಾಗೆ ಬರೆದೆನೆಂದು ಅವನಿಗೆ ಈಗ ಸ್ಪಷ್ಟವಾಗಿ ಕಾಣಿಸಿತು. ಕಂಡದ್ದರಿಂದ ಹಗುರವೇನೂ ಆಗಲಿಲ್ಲ.

ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಖೈರುನ್ನಿಸಾ ಬಂದಳು. ಏಕಾಂತಪ್ಪ ಹಾಳೆಗಳ ನಡುವೆ ಹೊಸ ಕಾರ್ಬನ್ ಇಟ್ಟ. ಊರು, ತಾರೀಕು, ಜನರೇಟರ್, ಹೊಗೆ, ಎಲ್ಲ ಬರೆದ. ಆಮೇಲೆ ಪೆನ್ನು ನಿಲ್ಲಿಸಿ ಕಾದ.

"ಬರ್ಕೊಳ್ಳಿ" ಅಂದಳು ಅವಳು. ಕಣ್ಣು ಮೇಜಿನ ಅಂಚಿನ ಮೇಲೆ ನೆಟ್ಟಿತ್ತು. ಬರಿಮೈಯ ಮಾತು ಹೇಳಿದಳು. ತನ್ನ ಮೈಗೆ ಅಂದದ್ದನ್ನು ಹೇಳಿದಳು. ತಾಯಿಗೆ ಅಂದದ್ದನ್ನೂ, ತನ್ನ ಜನಕ್ಕೆ ಅಂದದ್ದನ್ನೂ ಹೇಳಿದಳು. ಬಟ್ಟೆಯ ಅಳತೆ ಹೇಳುವವಳಂತೆ, ಒಂದೂ ಬಿಡದೆ, ದನಿ ಏರಿಸದೆ ಹೇಳಿದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಏಕಾಂತಪ್ಪನ ದುಂಡಕ್ಷರದಲ್ಲಿ ಆ ಮಾತುಗಳು ಇಳಿದವು. ಮೂರನೇ ಪ್ರತಿಯವರೆಗೂ ಇಳಿಯಲೆಂದು ಅವನು ಒತ್ತಿ ಬರೆದ. ಹೆಬ್ಬೆರಳು ನೋವಿನಿಂದ ಸಿಡಿಯಿತು.

"ಆಮೇಲೆ?"

ಅವಳ ಬಾಯಿ ತೆರೆಯಿತು.  "ಆಮೇಲೆ ಅವ್ನು…" ಎಂದು ನಿಲ್ಲಿಸಿದಳು. ಇನ್ನೊಮ್ಮೆ "ಅವ್ನು…" ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅಷ್ಟೊಂದು ಹೊಲಸು ಮಾತುಗಳನ್ನು ದಾಟಿ ಬಂದವಳು ಹೊಲಸೇ ಇಲ್ಲದ ಒಂದು ವಾಕ್ಯದ ಮುಂದೆ ನಿಂತುಬಿಟ್ಟಳು.

ಏಕಾಂತಪ್ಪ ಕಾಗದ ನೋಡುತ್ತಲೇ ನಿಧಾನವಾಗಿ ಹೇಳಿದ. "'ಅವಳ ಅಂಗಡಿ ತುಂಬ ಬಟ್ಟೆ. ಒಂದು ಕಡ್ಡಿ ಸಾಕು.'"

ಖೈರುನ್ನಿಸಾ ತಲೆಯಾಡಿಸಿದಳು. "ಅಂದಿನಿಂದ ಅಂಗಡೀಲಿ ಎರಡು ಕೊಡ ನೀರು ಇಟ್ಕೊಂಡೇ ಕೂರ್ತೀನಿ. ವೈರು ಸುಟ್ಟ ವಾಸನೆ ಬಂದ್ರೂ ಎದ್ದು ಓಡ್ತೀನಿ ಅಣ್ಣಾ."

ಅವನು ಬರೆದ. ಅಂಗಡಿ, ಬಟ್ಟೆ, ಕಡ್ಡಿ. ಎಲ್ಲವೂ ಅಡುಗೆಮನೆಯಲ್ಲಿ, ಸಂತೆಯಲ್ಲಿ ದಿನಾ ಆಡುವ ಮಾತುಗಳು. ಇದರಲ್ಲಿ ಅವಾಚ್ಯವಾದದ್ದು ಯಾವುದು? ಒಂದೂ ಇಲ್ಲ. ಆದರೂ ಹಿಂದಿನ ಅರ್ಜಿಯಲ್ಲಿ ತಾನು ಇದನ್ನೂ ಅದೇ ಸಾಲಿನ ಕೆಳಗೆ ಹೂತುಹಾಕಿದ್ದ. ಠಾಣೆಯವರು ಹುಡುಕಿದ್ದು ಇದನ್ನೇ, ಅವರಿಗೆ ಸಿಗದೆ ಹೋದದ್ದೂ ಇದೇ.

ಇನ್ನು ಓದಿ ಹೇಳಬೇಕಿತ್ತು. ಅಷ್ಟು ಹೊತ್ತಿಗೆ ಕಲ್ಲಪ್ಪನ ಗಾಡಿಯ ಮುಂದೆ ಏಳೆಂಟು ಜನ ಸೇರಿದ್ದರು. ಚೌಡಯ್ಯ ಪೇಪರ್ ಬಿಡಿಸಿದ್ದ. ಏಕಾಂತಪ್ಪ ಮೇಜಿನ ಮೇಲೆ ಬಾಗಿ, ಅವಳೊಬ್ಬಳಿಗೆ ಕೇಳಿಸುವಷ್ಟು ತಗ್ಗಿಸಿ ಓದತೊಡಗಿದ. ಆ ಮಾತುಗಳನ್ನು ಯಾರ ಮೇಲೆ ಎಸೆದಿದ್ದರೋ ಅವಳ ಮುಖದ ಮುಂದೆಯೇ ತನ್ನ ಬಾಯಿಂದ ಆಡಬೇಕು. ಗುರುಗಳು ಹೇಳಿದ್ದು ಇದನ್ನೇ ಅಲ್ಲವೇ, ಎಷ್ಟು ಸಲ ಬೈಸ್ಕೋಬೇಕು ಅವಳು? ಎರಡನೇ ಸಾಲನ್ನು ಅವನು ಇನ್ನೂ ತಗ್ಗಿಸಿ ಓದಿದ.

"ಜೋರಾಗಿ ಓದಿ ಅಣ್ಣಾ" ಅಂದಳು ಖೈರುನ್ನಿಸಾ. "ಅವ್ನು ಮೈಕಲ್ಲಿ ಹೇಳಿದ್ದು."

ಏಕಾಂತಪ್ಪ ನೆಟ್ಟಗೆ ಕೂತ. ಮೊದಲಿನಿಂದ ಓದಿದ. ಮೊದಲ ಬೈಗುಳಕ್ಕೆ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಏನ್ ಸ್ವಾಮಿ, ನಿಮ್ಮ ಬಾಯಲ್ಲೂ ಇಂಥವು ಬರ್ತವಾ?" ಎಂದು ಇನ್ನೊಬ್ಬ ಕೂಗಿದ. ಅವನು ನಿಲ್ಲಿಸಲಿಲ್ಲ. ಮೂರನೆಯದಕ್ಕೆ ನಗು ನಿಂತಿತು. ಕಡ್ಡಿಯ ಮಾತು ಬಂದಾಗ ಕಲ್ಲಪ್ಪ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ.

ಓದಿ ಮುಗಿದ ಮೇಲೆ ಚೌಡಯ್ಯ ಎದ್ದು ಮೇಜಿನ ಹತ್ತಿರ ಬಂದ. "ಹಿಂಗಂದಿದ್ನಾ ಅವನು?"

"ನೀವೂ ಮುಂದಿನ ಸಾಲಲ್ಲೇ ಇದ್ರಲ್ಲ ಚೌಡಯ್ನೋರೆ."

"ಇದ್ದೆ ಕಣಯ್ಯ. ಆವಾಗ ಹಿಂಗೆ ಕೇಳಿಸ್ಲಿಲ್ಲ." ಕಾಗದದ ಮೇಲೆ ಬಾಗಿ ಆ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ದನಿ ತಗ್ಗಿಸಿದ. "ನನ್ನ ಹೆಸರು ಮಾತ್ರ ಎಲ್ಲೂ ಹಾಕ್ಬೇಡಪ್ಪ. ಮಗನ ವ್ಯಾಪಾರ ಎಲ್ಲಾ ಅವರ ಜತೇಲೇ ಇದೆ." ಪೇಪರನ್ನು ಬೆಂಚಿನ ಮೇಲೇ ಬಿಟ್ಟು ಹೋದ.

ಖೈರುನ್ನಿಸಾ "ಹೌದು, ಇದೇ ಮಾತು" ಎಂದು ಸಹಿ ಹಾಕಿದಳು. ಏಕಾಂತಪ್ಪನ ಪೆನ್ನು ಅಭ್ಯಾಸಬಲದಿಂದ ಕಾಗದದ ಮೂಲೆಗೆ ಹೋಯಿತು, ಬಿಕ್ಕಲಂ ಎಂದು ಬರೆಯಲು. ಅಲ್ಲಿ ಒಂದು ಚುಕ್ಕಿ ಮೂಡಿಸಿ ನಿಂತಿತು. ಅವನು ಕೈ ಎತ್ತಿ ಅವಳ ಸಹಿಯ ಕೆಳಗೆ 'ಸಾಕ್ಷಿ' ಎಂದು ಬರೆದ. ತನ್ನ ಹೆಸರು, ವಯಸ್ಸು, ಮನೆಯ ನಂಬರ್ ಬರೆದ. ಮೇಜಿಗೆ ಗೋಣಿತಾಟು ಹೊದಿಸಿದ.

"ನಡಿ ತಂಗಿ. ಹತ್ತೂವರೆ ಬಸ್ಸಿದೆ."

ಶಿವಮೊಗ್ಗದ ಪೊಲೀಸ್ ಕಚೇರಿಯಲ್ಲಿ ಎರಡು ಗಂಟೆ ಕಾಯಿಸಿದರು. ಕೊನೆಗೆ ಒಳಗೆ ಕರೆದ ಅಧಿಕಾರಿ ನಡುವಯಸ್ಸಿನವರು, ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪು. ಅರ್ಜಿಯನ್ನು ದಿನಾ ಕಾಗದ ನೋಡುವ ವೇಗದಲ್ಲೇ ಓದುತ್ತ ಬಂದವರು ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ ಮತ್ತೆ ಓದಿದರು.

"ಕೂತ್ಕೊಳ್ಳಮ್ಮ" ಎಂದರು. ಆಮೇಲೆ, "ಸಾಕ್ಷಿ ಯಾರು?"

"ನಾನು ಸಾರ್."

"ಎಲ್ಲಿದ್ರಿ ನೀವು?"

"ವೇದಿಕೆ ಮೇಲೆ. ಅವತ್ತು ನನಗೂ ಸನ್ಮಾನ ಇತ್ತು. ಮಾತಾಡೋರಿಂದ ಮೂರನೇ ಕುರ್ಚಿ."

ಅಧಿಕಾರಿ ತಲೆಯೆತ್ತಿ ನೋಡಿದರು. "ಮಾತು ಮುಗಿದ ಮೇಲೆ ಎದ್ದು ಹೋದ್ರಾ? ಏನಾದ್ರೂ ಅಂದ್ರಾ?"

"ಇಲ್ಲ ಸಾರ್. ಚಪ್ಪಾಳೆ ತಟ್ಟಿದೆ."

ಪಕ್ಕದಲ್ಲಿ ಖೈರುನ್ನಿಸಾ ಅಲುಗಲಿಲ್ಲ. ಅಧಿಕಾರಿ ಪೆನ್ನನ್ನು ಕಾಗದದಿಂದ ಎತ್ತಿ ಹಿಡಿದರು. "ಯಜಮಾನ್ರೆ, ಇದನ್ನ ಬರ್ಕೊಂಡ್ರೆ ನಾಳೆ ಅವರ ವಕೀಲರು ನಿಮ್ಮನ್ನ ಹಿಡ್ಕೊಂಡು ಜಾಲಾಡ್ತಾರೆ. ನೀವೇ ಚಪ್ಪಾಳೆ ತಟ್ಟಿದ್ರಲ್ಲ, ಈಗ ಹೆಂಗೆ ದ್ವೇಷ ಆಯ್ತು ಅಂತಾರೆ. ಸ್ಥಳದಲ್ಲಿ ಹಾಜರಿದ್ದು ಕೇಳಿರುತ್ತೇನೆ ಅಂತ ಹಾಕಿದ್ರೆ ಸಾಕಾಗುತ್ತೆ."

ಎಷ್ಟು ಚೆಂದದ ಸಾಲು ಎಂದುಕೊಂಡ ಏಕಾಂತಪ್ಪ. ತಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದ. ತೀರಾ ದಣಿವಾಗಿತ್ತು. ಅದರೊಳಗೆ ಹೊಕ್ಕು ಕೂತುಬಿಟ್ಟರೆ ಸಾಕು ಅನಿಸುವಷ್ಟು ದಣಿವು.

"ಬೇಡ ಸಾರ್. ಮೂರು ಸಲ ತಟ್ಟಿದೆ. ಹಾಗೇ ಬರೀರಿ."

ಹೊರಗೆ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಪ್ರಕರಣ ದಾಖಲಾಗುತ್ತದೋ, ಇನ್ನೊಂದು ಹಿಂಬರಹ ಬರುತ್ತದೋ ಅಧಿಕಾರಿ ಹೇಳಿರಲಿಲ್ಲ. ಪರಿಶೀಲಿಸುತ್ತೇವೆ ಎಂದಿದ್ದರು, ಅಷ್ಟೇ. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಭದ್ರಾವತಿ ಬಸ್ಸಿನ ಕಟ್ಟೆಯ ನೆರಳಿಗೆ ಬಂದ ಮೇಲೆ ಅವನೇ ಕೇಳಿದ.

"ನಾನು ತಟ್ಟಿದ್ದು ನಿನಗೆ ಗೊತ್ತಿರಲಿಲ್ಲ ಅಲ್ವಾ?"

"ನೋಡಿದ್ದೆ ಅಣ್ಣಾ. ಶಟರ್ ಹತ್ರಾನೇ ನಿಂತಿದ್ದೆ."

ಒಂದು ಬಸ್ಸು ಬಂದು ತುಂಬಿಕೊಂಡು ಹೋಯಿತು.

"ಹಂಗಿದ್ರೂ ದೂರು ಬರೆಸೋಕೆ ನನ್ನ ಹತ್ರಾನೇ ಯಾಕೆ ಬಂದೆ ತಂಗಿ? ನಾಲ್ಕೇ ದಿನಕ್ಕೆ? ನನ್ನ ಮೇಲೆ ಅಷ್ಟು ನಂಬಿಕೆ ಇತ್ತಾ?"

ಖೈರುನ್ನಿಸಾ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ.

"ನಂಬಿಕೆ ಅಲ್ಲ ಅಣ್ಣಾ. ಎಲ್ಲಾ ಗ್ರೂಪಲ್ಲೂ ಡಿಲೀಟ್ ಮಾಡ್ತಾ ಇದ್ರು. ನಾನು ಹೇಳಿದ್ರೆ ಸುಳ್ಳು ಅಂತಾರೆ. ಅಷ್ಟು ಹತ್ರ ಕೂತು ಕೇಳಿದೋರಲ್ಲಿ ನನ್ನ ಕೈಗೆ ಸಿಗೋದು ನೀವೊಬ್ರೇ. ಅದಕ್ಕೇ ಬಂದೆ. ಮೊದ್ಲ ದಿನಾನೇ ನೀವೇ ಹೇಳ್ತೀರಾ ಅಂದ್ಕೊಂಡಿದ್ದೆ."

ಮುಂದಿನ ಬಸ್ಸು ಬಂತು. ಮಧ್ಯಾಹ್ನ ಮೂರಕ್ಕೆ ಅಂಗಡಿ ತೆರೆಯಬೇಕೆಂದು ಅವಳು ಬೇಗಬೇಗ ಮುಂದಿನ ಬಾಗಿಲಿಗೆ ಹೋದಳು. ಏಕಾಂತಪ್ಪ ಹಿಂದಿನ ಬಾಗಿಲ ಕಂಬಿ ಹಿಡಿದು ಒಂದು ಕ್ಷಣ ನಿಂತ. ಹಿಂದಿದ್ದವರು "ಹತ್ತಿ ಯಜಮಾನ್ರೆ, ಹತ್ತಿ" ಎಂದರು. ಅವನು ಹತ್ತಿದ.